ಸೋದರಳಿಯನ ಸಿವಿ ರಿಪೇರಿ: ಭೋಸರಿಯಲ್ಲಿ ನಾಲ್ಕು ಸಂಜೆ

ನಮ್ಮಣ್ಣನ ಮಗ ಇಂಡಿ ತಾಲೂಕಿನಿಂದ ಪುಣೆಗೆ ಬಂದು ಐದು ವರ್ಷವಾಯಿತು. ಮೆಕ್ಯಾನಿಕಲ್ ಡಿಪ್ಲೊಮಾ ಓದಿದ್ದಾನೆ. ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ವಿಎಂಸಿ ಮಷಿನ್ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ) ಮೇಲೆ ಕೆಲಸ. ಚಾಕಣ್ ಕಡೆಯ ದೊಡ್ಡ ಕಾರ್ಖಾನೆ ಸೇರಬೇಕೆಂದು ಆರು ತಿಂಗಳಿಂದ ಸಿವಿ ಕಳಿಸುತ್ತಲೇ ಇದ್ದ, ಒಂದು ಫೋನೂ ಬಂದಿರಲಿಲ್ಲ. ಒಂದು ಭಾನುವಾರ ಮನೆಗೆ ಬಂದವನು ರೊಟ್ಟಿ ಉಂಡು ಕೈ ತೊಳೆದ ಮೇಲೆ ಮೊಬೈಲ್ ಮುಂದೆ ಹಿಡಿದ.

"ಅತ್ತಿ, ನೀವು ಇಷ್ಟು ವರ್ಷ ಡಿಟಿಪಿ ಮಾಡೀರಿ. ಇದನ್ನ ಒಂದೀಟು ಎದ್ದು ಕಾಣೂ ಹಂಗ ಮಾಡಿ ಕೊಡ್ರಿ."

ಅಪ್ಪಾ ಬಳವಂತ ಚೌಕದ ಹತ್ತಿರದ ಒಂದು ಪ್ರೆಸ್ಸಿನಲ್ಲಿ ನಾನು ಹದಿನಾಲ್ಕು ವರ್ಷ ಪುಟ ಕಟ್ಟಿದವಳು. ಪೇಜ್‌ಮೇಕರಿನಲ್ಲಿ ಶುರು ಮಾಡಿ ಲಗ್ನಪತ್ರಿಕೆ, ಶಾಲೆಯ ಗೈಡು, ಸಹಕಾರಿ ಬ್ಯಾಂಕಿನ ವಾರ್ಷಿಕ ವರದಿ ಎಲ್ಲ ಮಾಡಿದ್ದೇನೆ. ಈಗ ಮನೆಯಲ್ಲೇ ಕೂತು ಮಾಡುತ್ತೇನೆ. ಆದರೂ ಒಬ್ಬ ಹುಡುಗನ ಬದುಕಿಗೆ ಸಂಬಂಧಪಟ್ಟ ಒಂದೇ ಹಾಳೆಯನ್ನು ಕೈಗೆತ್ತಿಕೊಂಡಾಗ ಆದ ಅಳುಕು ಬೇರೆಯೇ. ಮಾಡಿದ್ದನ್ನೆಲ್ಲ ಆಯಾ ದಿನವೇ ಬರೆದಿಟ್ಟುಕೊಂಡೆ. ನಮ್ಮ ಕಡೆಯ ಇನ್ನಷ್ಟು ಹುಡುಗರು ಪಿಂಪ್ರಿ, ಚಿಂಚವಡ, ಚಾಕಣ್‌ಗಳಲ್ಲಿ ಇದೇ ತಾಪತ್ರಯದಲ್ಲಿದ್ದಾರೆ, ಅವರಿಗೂ ಬೇಕಾದೀತು.

ಮೊದಲ ಸಂಜೆ

ಹಳೆಯ ಸಿವಿ ಮೇಲ್ನೋಟಕ್ಕೆ ಚೆಂದವೇ ಇತ್ತು. ಹಾಳೆಯ ಎಡಕ್ಕೆ ಮೂರನೇ ಒಂದು ಪಾಲು ಕಡುನೀಲಿ ಪಟ್ಟಿ. ಅದರೊಳಗೆ ದುಂಡಗೆ ಕತ್ತರಿಸಿದ ಫೋಟೊ, ಬಿಳಿ ಅಕ್ಷರದಲ್ಲಿ ಫೋನು ಮತ್ತು ವಿಳಾಸ. ಕೆಳಗೆ ಕೌಶಲಗಳ ಎದುರು ಮುಕ್ಕಾಲು ತುಂಬಿದ, ಅರ್ಧ ತುಂಬಿದ ಗೆರೆಗಳು. ಒಂದು ಸೈಬರ್ ಕೆಫೆಯಲ್ಲಿ ಮುನ್ನೂರು ರೂಪಾಯಿ ಕೊಟ್ಟು ಮಾಡಿಸಿದ್ದನಂತೆ.

ಕೈ ಹಚ್ಚುವ ಮೊದಲು ಕೆಟ್ಟದ್ದೆಲ್ಲಿ ಎಂದು ನೋಡಬೇಕು. ಪಿಡಿಎಫ್ ತೆರೆದು, ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಹೊಡೆದು, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿದೆ. ಈ ಪರೀಕ್ಷೆ ನನಗೆ ಹಳೆಯ ಅನುಭವದಿಂದ ಬಂದದ್ದು. ಯೂನಿಕೋಡ್ ಬರುವ ಮುಂಚಿನ ನುಡಿ, ಶ್ರೀಲಿಪಿ ಕಡತಗಳ ಜೊತೆ ಏಗಿದವರಿಗೆಲ್ಲ ಇದು ಗೊತ್ತು: ಪರದೆಯ ಮೇಲೆ ಮುತ್ತಿನಂಥ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ಶ್ರೀಲಿಪಿ ಹುಟ್ಟಿದ್ದು ನಮ್ಮ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನಲ್ಲೇ, ಅದರ ಮೇಲೇ ನಾನು ಕನ್ನಡ, ಮರಾಠಿ ಎರಡನ್ನೂ ಜೋಡಿಸಿದ್ದು. ಕಣ್ಣಿಗೆ ಕಾಣುವುದು ಬೇರೆ, ಕಡತದೊಳಗೆ ಇರುವುದು ಬೇರೆ ಎಂಬ ಪಾಠ ಆಗಲೇ ಆಗಿತ್ತು.

ದೊಡ್ಡ ಕಂಪನಿಗಳಲ್ಲಿ ಸಿವಿ ಅಪ್‌ಲೋಡ್ ಮಾಡಿದರೆ ಮೊದಲು ಅದನ್ನು ಓದುವುದು ಬಹಳ ಕಡೆ ಒಂದು ಸಾಫ್ಟ್‌ವೇರ್. ಅದಕ್ಕೆ ನೀಲಿ ಪಟ್ಟಿಯ ಅಂದಚೆಂದ ತಿಳಿಯದು, ಒಳಗಿನ ಪಠ್ಯವನ್ನಷ್ಟೇ ಎಳೆದುಕೊಳ್ಳುತ್ತದೆ. ನೋಟ್‌ಪ್ಯಾಡಿನಲ್ಲಿ ನಮಗೆ ಸಿಕ್ಕಿದ್ದು ಹೀಗೆ: ಮೊದಲು 'ಹವ್ಯಾಸ: ಕ್ರಿಕೆಟ್', ಆಮೇಲೆ ಡಿಪ್ಲೊಮಾದ ವರ್ಷ, ಅದರ ಬೆನ್ನಿಗೆ ಮನೆ ನಂಬರು, ಆಮೇಲೆ ಕೆಲಸದ ಒಂದು ಸಾಲು, ಅದರ ನಡುವೆಯೇ ಆಟೋಕ್ಯಾಡ್. ಪೆಟ್ಟಿಗೆ ಪೆಟ್ಟಿಗೆಯಾಗಿ ಇಟ್ಟ ಪಠ್ಯ, ಇಟ್ಟ ಕ್ರಮದಲ್ಲಿ ಹೊರಗೆ ಬಂದಿತ್ತು, ಓದುವ ಕ್ರಮದಲ್ಲಲ್ಲ. ಫೋನ್ ನಂಬರ್ ಬರಲೇ ಇಲ್ಲ, ಏಕೆಂದರೆ ಅದನ್ನು ಐಕಾನಿನ ಜೊತೆ ಚಿತ್ರವಾಗಿ ಇಟ್ಟಿದ್ದರು. 'ಫಿಕ್ಸ್ಚರ್' (ಮಷಿನ್ ಮೇಲೆ ಪೀಸನ್ನು ಅಲುಗದಂತೆ ಹಿಡಿಯುವ ಸಾಧನ) ಎಂಬ ಇಂಗ್ಲಿಷ್ ಪದದ ಮೊದಲ ಎರಡು ಅಕ್ಷರ ಮಾಯ. ಎಫ್ ಮತ್ತು ಐ ಬೆಸೆದು ಒಂದೇ ಅಚ್ಚಾಗುವ ಲಿಗೇಚರ್ ಇರುತ್ತದಲ್ಲ, ಆ ಫಾಂಟಿನಲ್ಲಿ ಅದು ಪಠ್ಯವಾಗಿ ಉಳಿದಿರಲಿಲ್ಲ. ಫಿಕ್ಸ್ಚರ್ ಕೆಲಸ ಗೊತ್ತಿದ್ದವರು ಬೇಕು ಎಂದು ಹುಡುಕುವವನಿಗೆ ಈ ಹುಡುಗ ಸಿಗುವುದು ಹೇಗೆ?

ಎರಡನೆಯ ಪರೀಕ್ಷೆ, ಲಾಂಡೆವಾಡಿಯ ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪು ಪ್ರಿಂಟು. ನೀಲಿ ಪಟ್ಟಿ ಕರ್ರಗೆ ಬಂದು, ಟೋನರ್ ಗೀರು ಬಿದ್ದು, ಬಿಳಿ ಅಕ್ಷರ ತುಂಬಿಹೋಗಿತ್ತು. ಕೆಳಗೆ ಒಂದು ಬೆರಳಗಲ ಖಾಲಿ ಜಾಗವೂ ಉಳಿದಿತ್ತು. ಕಾರಣ ಹುಡುಕಿದರೆ ಟೆಂಪ್ಲೇಟು ಅಮೆರಿಕದ ಲೆಟರ್ ಅಳತೆಯದು, 215.9 × 279.4 ಮಿಲಿಮೀಟರ್. ನಮ್ಮ ಎ4 ಅದಕ್ಕಿಂತ ಸುಮಾರು 6 ಮಿಮೀ ಕಿರಿದು, 18 ಮಿಮೀ ಉದ್ದ.

ಮೂರನೆಯದಕ್ಕೆ ಪಕ್ಕದ ಮನೆಯ ಕಾಕು (ಚಿಕ್ಕಮ್ಮ) ಬಂದರು. ಹಾಳೆಯನ್ನು ಎಂಟು ಹತ್ತು ಸೆಕೆಂಡ್ ತೋರಿಸಿ ಮಡಚಿ, ಹುಡುಗ ಏನು ಕೆಲಸ ಮಾಡುತ್ತಾನೆ ಎಂದು ಕೇಳಿದೆ. "ಫೋಟೊ ಛಾನ್ ಆಹೆ," ಎಂದರು, ಫೋಟೊ ಚೆನ್ನಾಗಿದೆ ಎಂದು. ಕೆಲಸ ಅವರಿಗೆ ಕಂಡೇ ಇರಲಿಲ್ಲ.

ಅವತ್ತು ರಿಪೇರಿ ಶುರುವಾಗಲಿಲ್ಲ, ಬಿಚ್ಚಿದ್ದಷ್ಟೇ. ತಂದೆಯ ಹೆಸರು, ಜಾತಿ, ಮದುವೆ ಆಗಿದೆಯೋ ಇಲ್ಲವೋ, ಹವ್ಯಾಸ ಎಲ್ಲ ತೆಗೆದೆ. ಆಧಾರ್ ನಂಬರನ್ನೂ ಬರೆದಿದ್ದ! ಗೊತ್ತುಗುರಿ ಇಲ್ಲದ ಎಷ್ಟು ಜನರ ಕೈಗೆ ಅದು ಹೋಗಿದೆಯೋ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಕೆಲಸ ಖಾತ್ರಿಯಾದ ಮೇಲೆ ಕಂಪನಿಯವರು ಕೇಳಿದಾಗ ಕೊಡುವ ದಾಖಲೆ ಅದು, ಸಿವಿಯಲ್ಲಿ ಹಾಕುವಂಥದ್ದಲ್ಲ. ಫೋಟೊವನ್ನೂ ತೆಗೆದೆ, ಕೇಳಿದವರಿಗೆ ಬೇರೆ ಕಳಿಸಬಹುದು. 'ಮೇಲಿನ ವಿವರಗಳೆಲ್ಲ ಸತ್ಯ' ಎಂಬ ಘೋಷಣೆ, ಸ್ಥಳ, ದಿನಾಂಕ, ಸಹಿ ಐದು ಸಾಲು ತಿನ್ನುತ್ತಿತ್ತು. ಅದು ಬೇಕೇ ಬೇಕು ಎನ್ನುವ ಕಡೆಗೆಂದು ಇನ್ನೊಂದು ಪ್ರತಿಯಲ್ಲಿ ಉಳಿಸಿಕೊಳ್ಳುವುದು ಎಂದು ಮಾತಾಯಿತು.

ಎರಡನೇ ಸಂಜೆ

ಈ ಸಂಜೆ ಕಂಪ್ಯೂಟರ್ ಹಚ್ಚಲೇ ಇಲ್ಲ. ಆದರೆ ರಿಪೇರಿಯ ಮುಕ್ಕಾಲು ಪಾಲು ಇಲ್ಲೇ ಆದದ್ದು.

ಹಳೆಯ ಸಿವಿಯಲ್ಲಿ ಕೆಲಸದ ಬಗ್ಗೆ ಇದ್ದದ್ದು ಮೂರು ಸಾಲು. ವಿಎಂಸಿ ಮಷಿನ್ ನಡೆಸುವ ಜವಾಬ್ದಾರಿ, ಗುಣಮಟ್ಟ ಕಾಪಾಡುವ ಜವಾಬ್ದಾರಿ, ತಂಡದ ಜೊತೆ ಕೆಲಸ. ಭೋಸರಿಯಲ್ಲಿ ಹೀಗೆಂದು ಬರೆಯದ ಹುಡುಗ ಸಿಗುವುದಿಲ್ಲ. ಅದಕ್ಕೆ ಎಷ್ಟು ನೀಲಿ ಬಳಿದರೂ ಅದು ಹತ್ತರಲ್ಲಿ ಹನ್ನೊಂದನೆಯದೇ.

"ನೀ ದಿನಾ ಏನ್ ಮಾಡ್ತಿ, ಬೆಳಿಗ್ಗಿಂದ ಹೇಳು," ಅಂದೆ.

"ಏನಿಲ್ರಿ ಅತ್ತಿ, ಮಷಿನ್ ನಡಸ್ತೀನಿ."

"ಆಪರೇಟರೂ ಮಷಿನ್ ನಡಸ್ತಾನ, ಸೆಟ್ಟರೂ ನಡಸ್ತಾನ. ನೀ ಯಾರು?"

ಆಗ ಬಾಯಿ ಬಿಟ್ಟ. ಆಪರೇಟರ್ ಅಂದರೆ ಪೀಸ್ ಹಚ್ಚಿ, ಸೈಕಲ್ ಸ್ಟಾರ್ಟ್ ಒತ್ತಿ, ಇಳಿಸಿ, ಗೇಜ್ ಹಾಕಿ ನೋಡುವವನು. ಸೆಟ್ಟರ್ ಅಂದರೆ ಹೊಸ ಜಾಬ್ ಬಂದಾಗ ಫಿಕ್ಸ್ಚರ್ ಕೂರಿಸಿ, ಡಯಲ್ ಗೇಜ್ ಹಿಡಿದು ನೇರ ಮಾಡಿ, ಜೀರೊ (ಅಳತೆ ಶುರುವಾಗುವ ಬಿಂದು) ಹಿಡಿದು, ಪ್ರತಿ ಟೂಲಿನ ಉದ್ದದ ಲೆಕ್ಕ (ಆಫ್‌ಸೆಟ್) ಮಷಿನಿಗೆ ತುಂಬಿ, ಮೊದಲ ಪೀಸ್ ಪಾಸ್ ಮಾಡಿಸಿ ಮಷಿನನ್ನು ಆಪರೇಟರಿನ ಕೈಗೆ ಕೊಡುವವನು. ನಮ್ಮ ಹುಡುಗ ಎರಡು ವರ್ಷದಿಂದ ಸೆಟ್ಟಿಂಗ್ ಮಾಡುತ್ತಿದ್ದಾನೆ! ಸಿವಿಯಲ್ಲಿ ಮಾತ್ರ ಆಪರೇಟರ್ ಎಂದಷ್ಟೇ ಇತ್ತು. "ಲೆಟರಿನ್ಯಾಗ ಹಂಗ ಐತ್ರಿ," ಅಂದ.

ಇಲ್ಲಿ ಒಂದು ಎಚ್ಚರ ಬೇಕು. ನೇಮಕಾತಿ ಪತ್ರದಲ್ಲಿ ಆಪರೇಟರ್ ಎಂದಿದ್ದರೆ ಸಿವಿಯಲ್ಲಿ ಹುದ್ದೆಯನ್ನು ಸೆಟ್ಟರ್ ಎಂದು ಬರೆಯಬಾರದು, ನಾಳೆ ಪರಿಶೀಲನೆಯಲ್ಲಿ ಅದೇ ಮುಳುವಾಗುತ್ತದೆ. ಹುದ್ದೆಯನ್ನು ಪತ್ರದಲ್ಲಿದ್ದಂತೆಯೇ ಬರೆದು, ಮುಂದಿನ ಸಾಲಿನಲ್ಲೇ 'ಎರಡು ವರ್ಷದಿಂದ ಎರಡು ಮಷಿನ್‌ಗಳ ಸೆಟ್ಟಿಂಗ್ ಹೊಣೆ' ಎಂದು ಹಾಕಿದೆವು.

ಮಾತಿನ ನಡುವೆ ಹುಡುಗ ಚೀಲದಿಂದ ಒಂದು ಪುಟ್ಟ ಡೈರಿ ತೆಗೆದ. ಅಂಗೈ ಅಗಲದ್ದು, ರಟ್ಟಿನ ತುದಿಗಳು ಕೂಲಂಟ್ ನೀರು ಕುಡಿದು ಉಬ್ಬಿದ್ದವು. ಪುಟ ತಿರುವಿದರೆ ಹೆಬ್ಬೆರಳಿನ ಎಣ್ಣೆ ಗುರುತು. ಒಳಗೆ ಪೆನ್ಸಿಲಿನಲ್ಲಿ ಶಿಫ್ಟು, ಜಾಬ್, ಸೆಟ್ಟಿಂಗ್ ಶುರುವಾದ ಹೊತ್ತು, ಮೊದಲ ಪೀಸ್ ಓಕೆ ಆದ ಹೊತ್ತು, ಕೆಲವು ಕಡೆ ಚಿಕ್ಕ ಚಿತ್ರ. ಹೇಳಿಕೊಟ್ಟವರು ಯಾರೂ ಇಲ್ಲ, ರಾತ್ರಿ ಪಾಳಿಯಲ್ಲಿ ಮರೆಯಬಾರದೆಂದು ತಾನೇ ಬರೆದುಕೊಂಡದ್ದಂತೆ. ನನಗೆ ಗಂಟಲು ಕಟ್ಟಿತು. ಆರು ತಿಂಗಳು ಊರೆಲ್ಲ ಸಿವಿ ಹಂಚಿದ ಹುಡುಗ, ತನ್ನ ನಿಜವಾದ ಸಿವಿಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ.

ಡೈರಿಯಲ್ಲಿ ಒಂದು ಅಲ್ಯೂಮಿನಿಯಂ ಹೌಸಿಂಗಿನ (ಹೊರಕವಚದ) ಜಾಬ್ ಪದೇ ಪದೇ ಬರುತ್ತಿತ್ತು. ಒಂದು ಮಗ್ಗುಲು ಮುಗಿಸಿ, ತಿರುವಿ ಹಿಡಿದು ಎರಡನೇ ಮಗ್ಗುಲು ಮಾಡಬೇಕು. ಪೀಸನ್ನು ಬಿಗಿಹಿಡಿಯುವ ವೈಸಿನ ಗಟ್ಟಿ ಜಾದಲ್ಲಿ (ದವಡೆಯಲ್ಲಿ) ತಿರುವಿ ಹಿಡಿದಾಗಲೆಲ್ಲ ಮತ್ತೆ ಡಯಲ್, ಮತ್ತೆ ಜೀರೊ. ಹುಡುಗ ಮೇಸ್ತ್ರಿಯನ್ನು ಕೇಳಿ ಅಲ್ಯೂಮಿನಿಯಂ ಸಾಫ್ಟ್ ಜಾ, ಅಂದರೆ ಕೊರೆಯಲು ಬರುವ ಮೆತ್ತನೆಯ ದವಡೆ, ಹಾಕಿದ. ಅವನ್ನು ವೈಸಿನ ಮೇಲೇ ಪೀಸಿನ ಆಕಾರಕ್ಕೆ ಕೊರೆದು, ಪಕ್ಕಕ್ಕೆ ಒಂದು ಡವೆಲ್ ಪಿನ್ನನ್ನು (ದುಂಡನೆಯ ಉಕ್ಕಿನ ಗೂಟ) ಸ್ಟಾಪರ್ ಮಾಡಿದ. ಪೀಸ್ ಪ್ರತಿ ಸಲ ಅದೇ ಜಾಗಕ್ಕೇ ಹೋಗಿ ಕೂರುತ್ತದೆ, ಜೀರೊ ಮತ್ತೆ ಹಿಡಿಯುವ ಕೆಲಸವಿಲ್ಲ.

"ಎಷ್ಟು ಹೊತ್ತು ಉಳೀತು?"

"ಭಾಳ ಉಳೀತ್ರಿ."

ಭಾಳ ಎಂದರೆ ಸಿವಿಯಲ್ಲಿ ಬರೆಯಲು ಬರುವುದಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಡೈರಿಯಿಂದ ಲೆಕ್ಕ ತೆಗೆದೆವು. ಮೊದಲಿನ ಆರು ಸೆಟ್ಟಿಂಗ್, ಆಮೇಲಿನ ಹನ್ನೊಂದು. ಸರಾಸರಿ 100 ನಿಮಿಷ ಇದ್ದದ್ದು 55 ನಿಮಿಷಕ್ಕೆ ಬಂದಿತ್ತು. ನಡುವೆ ಕರೆಂಟು ಹೋದ ದಿನದ ಎರಡು ಲೆಕ್ಕ ಬಿಟ್ಟೆವು. ಅರ್ಧಕ್ಕೆ ಇಳಿಸಿದೆ ಎಂದು ಬರೆಯೋಣವೇ ಎಂದು ಕೇಳಿದ. ಬೇಡ, ಡೈರಿ ಹೇಳಿದ್ದಷ್ಟೇ ಬರಿ ಎಂದೆ. ಎದುರಿಗೆ ಕೂತು ಕೇಳುವವರು ಇದೇ ಕೆಲಸದಲ್ಲಿ ಕೂದಲು ಹಣ್ಣಾದವರು, 100 ಮತ್ತು 55 ಎರಡನ್ನೂ ಕಂಡರೆ ನಂಬುತ್ತಾರೆ.

'ವರ್ನಿಯರ್ ಬಳಸಬಲ್ಲೆ' ಎಂಬ ಸಾಲಿನ ಗತಿಯೂ ಇದೇ. ಮಾಮೂಲಿ ವರ್ನಿಯರಿನ ಅತಿ ಸಣ್ಣ ಅಳತೆ 0.02 ಮಿಮೀ. ಆದರೆ ಇವನು ಮಾಡುತ್ತಿದ್ದ ಬೋರಿಗೆ (ಕೊರೆದ ತೂತಿಗೆ) ಒಟ್ಟು ಟಾಲರೆನ್ಸೇ, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸವೇ, 20 ಮೈಕ್ರಾನ್, ಅಂದರೆ ಅದೇ 0.02 ಮಿಮೀ. ಅದನ್ನು ಬೋರ್ ಗೇಜಿನಲ್ಲಿ ನೋಡುತ್ತಿದ್ದ. ಹಾಗಾದರೆ ಬರೆಯಬೇಕಾದ್ದು ಬೋರ್ ಗೇಜ್, 20 ಮೈಕ್ರಾನ್. ಗೊತ್ತಿದ್ದವರಿಗೆ ಆ ಎರಡು ಪದ ಸಾಕು. ಗಿರಾಕಿ ಕಂಪನಿಯ ಹೆಸರು, ಡ್ರಾಯಿಂಗ್ ನಂಬರ್ ಮಾತ್ರ ಬಿಟ್ಟೆವು, ಅವು ವರ್ಕ್‌ಶಾಪಿನ ಗುಟ್ಟು. 'ಅಲ್ಯೂಮಿನಿಯಂ ಹೌಸಿಂಗ್' ಎಂದಷ್ಟೇ ಹಾಕಿದೆವು.

ಮೂರನೇ ಸಂಜೆ

ಈಗ ಪುಟ ಕಟ್ಟುವುದು. ಲಿಬ್ರೆ ಆಫೀಸ್ ರೈಟರಿನಲ್ಲೇ ಮಾಡಿದೆ. ಕೋರೆಲ್‌ಡ್ರಾ ನನ್ನ ಕೈಗೆ ಹೆಚ್ಚು ಪಳಗಿದ್ದಾದರೂ, ಮುಂದೆ ತಿದ್ದಬೇಕಾದವನು ಹುಡುಗ. ಅವನ ಕೈಗೆ ಎಟುಕುವ ಸಾಮಾನಿನಲ್ಲೇ ಕಟ್ಟಬೇಕು.

ಎ4, ಎಡಬಲಕ್ಕೆ 20 ಮಿಮೀ, ಮೇಲೆ ಕೆಳಗೆ 18 ಮಿಮೀ ಅಂಚು. ಫಾಂಟು ಕಾರ್ಲಿಟೊ. ಇದು ಬಿಟ್ಟಿ ಸಿಗುತ್ತದೆ, ಅಕ್ಷರದ ಅಗಲ ಕ್ಯಾಲಿಬ್ರಿಗೆ ಸರಿಸಮ. ಯಾರಾದರೂ ವರ್ಡ್ ಕಡತ ಕೇಳಿ ಅವರ ಕಂಪ್ಯೂಟರಿನಲ್ಲಿ ಕ್ಯಾಲಿಬ್ರಿಯಲ್ಲಿ ತೆರೆದುಕೊಂಡರೂ ಸಾಲು ಒಡೆದು ಎರಡನೇ ಪುಟಕ್ಕೆ ಜಾರುವ ಭಯ ಕಡಿಮೆ. ಪಠ್ಯ 10.5 ಪಾಯಿಂಟ್, ಸಾಲಿನಿಂದ ಸಾಲಿಗೆ 14.5. ಈ ಲೆಕ್ಕದಲ್ಲಿ ಪುಟಕ್ಕೆ 51 ಸಾಲು ಹಿಡಿಯುತ್ತದೆ. ನಮ್ಮ ಸರಕು 36 ಸಾಲು. ಉಳಿದದ್ದೆಲ್ಲ ಉಸಿರಾಡುವ ಜಾಗ.

ತೊಡಕು ಬಂದದ್ದು ಸಾಲಿನ ಉದ್ದದಲ್ಲಿ. ಅಂಚು ಕಳೆದು 170 ಮಿಮೀ ಉಳಿಯುತ್ತದೆ. ಈ ಅಳತೆಯ ಅಕ್ಷರದಲ್ಲಿ ಒಂದು ಸಾಲಿಗೆ ತೊಂಬತ್ತಕ್ಕೂ ಹೆಚ್ಚು ಅಕ್ಷರ. ಓದುವವರ ಕಣ್ಣು ಸಾಲಿನ ಕೊನೆಯಿಂದ ಮರಳುವಾಗ ತಪ್ಪಿ ಬೇರೆ ಸಾಲಿಗೆ ಹೋಗುತ್ತದೆ. ಎಪ್ಪತ್ತರ ಆಸುಪಾಸು ಇದ್ದರೆ ಹಿತ. ಎರಡು ಕಾಲಂ ಮಾಡಿದರೆ ಮತ್ತೆ ಮೊದಲಿನ ರೋಗ, ನೋಟ್‌ಪ್ಯಾಡಿನಲ್ಲಿ ಎಲ್ಲ ಕಲಸಿಹೋಗಬಹುದು. ಟೇಬಲ್ ಹಾಕಿದರೂ ಅದನ್ನು ನೆಟ್ಟಗೆ ಓದದ ಸಾಫ್ಟ್‌ವೇರ್‌ಗಳಿವೆ.

ಪ್ರೆಸ್ಸಿನಲ್ಲಿ ನಿಘಂಟಿನ ಪುಟ ಕಟ್ಟಿದ್ದು ನೆನಪಾಯಿತು. ಪದ ಹೊರಗೆ, ಅರ್ಥ ಒಳಗೆ ಸರಿದು ನಿಲ್ಲುವ ಹ್ಯಾಂಗಿಂಗ್ ಇಂಡೆಂಟ್. ಪ್ಯಾರಾವನ್ನು ಎಡದಿಂದ 35 ಮಿಮೀ ಒಳಗೆ ತಳ್ಳಿ, ಮೊದಲ ಸಾಲನ್ನು ಮಾತ್ರ ಮೈನಸ್ 35 ಕೊಟ್ಟು ಹೊರಗೆಳೆದೆ. ಹೊರಗೆ ವರ್ಷ, ಒಂದು ಟ್ಯಾಬ್, ಆಮೇಲೆ ಕೆಲಸ. ಕಣ್ಣಿಗೆ ಎರಡು ಕಾಲಂ: ಎಡಕ್ಕೆ ವರ್ಷಗಳು ಒಂದರ ಕೆಳಗೊಂದು, ಬಲಕ್ಕೆ 135 ಮಿಮೀ ಪಠ್ಯ, ಸಾಲಿಗೆ ಸುಮಾರು 75 ಅಕ್ಷರ. ಕಡತದೊಳಗೆ ಮಾತ್ರ ಒಂದೇ ಹರಿವು, ಮೇಲಿಂದ ಕೆಳಗೆ. ಇಷ್ಟು ಸಣ್ಣ ಉಪಾಯಕ್ಕೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಚಹಾ ಇಟ್ಟೆ. ಇದನ್ನು ಒಂದು ಸ್ಟೈಲ್ ಆಗಿ ಉಳಿಸಿ ಹೆಸರಿಟ್ಟೆ. ಸ್ಪೇಸ್ ಬಾರ್ ಒತ್ತಿ ಒತ್ತಿ ಸರಿಸಿದ ತಾರೀಖು ಒಂದು ಪದ ತಿದ್ದಿದರೂ ಅಲುಗಾಡುತ್ತದೆ, ಸ್ಟೈಲ್ ಅಲುಗಾಡದು.

ಮೇಲೆ ಹೆಸರು 20 ಪಾಯಿಂಟ್. ಅದರ ಕೆಳಗೆ ಫೋನು, ಇಮೇಲು, 'ಭೋಸರಿ, ಪುಣೆ'. ಇವನ್ನು ಹೆಡರಿನಲ್ಲಿಡದೆ ಪುಟದ ಮೈಯಲ್ಲೇ ಇಟ್ಟೆ, ಹೆಡರನ್ನು ಬಿಟ್ಟು ಓದುವ ಸಾಫ್ಟ್‌ವೇರ್ ಇರುತ್ತವೆ. ವೃತ್ತಿ ಗುರಿಯ ಉದ್ದುದ್ದ ವಾಕ್ಯ ಇದ್ದ ಜಾಗಕ್ಕೆ ಎರಡು ಸಾಲು ಬಂತು: ವಿಎಂಸಿ ಸೆಟ್ಟಿಂಗ್ ಮತ್ತು ಮೊದಲ ಪೀಸ್ ತಪಾಸಣೆ, ಫಾನಕ್ ಕಂಟ್ರೋಲ್; ಅಲ್ಯೂಮಿನಿಯಂ, ಎರಕದ ಕಬ್ಬಿಣ; 20 ಮೈಕ್ರಾನ್ ಬೋರ್. ಆಟೋಕ್ಯಾಡ್ 80 ಪ್ರತಿಶತ ಎಂಬ ಗೆರೆ ಹೋಯಿತು. ಯಾವುದರ ಎಂಬತ್ತು ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. 'ಆಟೋಕ್ಯಾಡ್: ಫಿಕ್ಸ್ಚರಿನ 2ಡಿ ಡ್ರಾಯಿಂಗ್ ಮಾಡಬಲ್ಲೆ' ಎಂದರೆ ಉತ್ತರ ಅಲ್ಲೇ ಇದೆ. ಭಾಷೆಗಳಿಗೆ ಹಾಕಿದ್ದ ನಕ್ಷತ್ರಗಳೂ ಹೋದವು. ಕನ್ನಡ, ಮರಾಠಿ, ಹಿಂದಿ ಮಾತು; ಇಂಗ್ಲಿಷ್ ಡ್ರಾಯಿಂಗ್ ಮತ್ತು ಮ್ಯಾನುಯಲ್ ಓದುವಷ್ಟು. ಇದ್ದದ್ದು ಇದ್ದ ಹಾಗೆ.

ಬಣ್ಣ ಬೇಕೇ ಬೇಡವೇ ಎಂದು ಸ್ವಲ್ಪ ಹೊತ್ತು ಜಗ್ಗಾಟವಾಯಿತು. ಒಂದೇ ಒಂದು ಇರಲಿ ಎಂದು ಕಡು ಹಸಿರುನೀಲಿ ಆರಿಸಿ ಹೆಸರಿಗೆ ಮತ್ತು ತಲೆಬರಹಗಳ ಕೆಳಗಿನ ಅರ್ಧ ಪಾಯಿಂಟ್ ಗೆರೆಗೆ ಕೊಟ್ಟೆ. ಬೇರೆಲ್ಲೂ ಇಲ್ಲ.

ನಾಲ್ಕನೇ ಸಂಜೆ

ಮತ್ತೆ ಅದೇ ಮೂರು ಪರೀಕ್ಷೆ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡದೆ, ನೇರವಾಗಿ ಪಿಡಿಎಫ್ ಎಕ್ಸ್‌ಪೋರ್ಟ್. ನೋಟ್‌ಪ್ಯಾಡಿನಲ್ಲಿ ಹೆಸರು, ಫೋನು, ಕೆಲಸ, ಓದು ಎಲ್ಲ ಸಾಲಾಗಿ ಬಂತು. ಲಿಗೇಚರಿನ ಅನುಮಾನವೇ ಬೇಡವೆಂದು ರೈಟರಿನಲ್ಲಿ ಫಾಂಟ್ ಹೆಸರಿನ ಕೊನೆಗೆ ಕೋಲನ್, ಮೈನಸ್, ಎಲ್ ಐ ಜಿ ಎ ಎಂದು ಸಣ್ಣಕ್ಷರದಲ್ಲಿ ಸೇರಿಸಿ ಅದನ್ನು ನಿಲ್ಲಿಸಿಬಿಟ್ಟಿದ್ದೆ. ಫಿಕ್ಸ್ಚರ್ ಪೂರ್ತಿ ಬಂತು. ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ಫಾಂಟುಗಳ ಎದುರು 'ಎಂಬೆಡೆಡ್' (ಕಡತದೊಳಗೇ ಸೇರಿದೆ) ಎಂದಿರುವುದನ್ನು ನೋಡಿಕೊಂಡೆ. ಅಲ್ಲೇ ಟೈಟಲ್ ಜಾಗವೂ ಇದೆ. ಹಳೆಯದರಲ್ಲಿ ಟೆಂಪ್ಲೇಟಿನ ಹೆಸರೇ ಉಳಿದು, ಬ್ರೌಸರಿನ ಟ್ಯಾಬಿನಲ್ಲಿ ಕಾಣುತ್ತಿತ್ತು. ಅದನ್ನು ತಿದ್ದಿ, ಕಡತಕ್ಕೆ ಅವನ ಹೆಸರು ಮತ್ತು 'ವಿಎಂಸಿ ಸೆಟ್ಟಿಂಗ್' ಎಂದು ಇಟ್ಟೆ.

ಝೆರಾಕ್ಸ್ ಅಂಗಡಿಯಲ್ಲಿ ನನ್ನದೇ ತಪ್ಪು ಸಿಕ್ಕಿತು. ಎಡಗಡೆಯ ವರ್ಷಗಳು ನಾಜೂಕಾಗಿ ಕಾಣಲೆಂದು 40 ಪ್ರತಿಶತ ಕಪ್ಪಿನ ತಿಳಿಬೂದು ಕೊಟ್ಟಿದ್ದೆ. ನನ್ನ ಪರದೆಯಲ್ಲಿ ಅಂದವಾಗಿತ್ತು. ಅಂಗಡಿಯ ಪ್ರಿಂಟಿನಲ್ಲಿ ಅಂಕಿಗಳು ಚುಕ್ಕಿ ಚುಕ್ಕಿಯಾಗಿ ಒಡೆದವು, 2021 ಎಂಬುದನ್ನು 2024 ಎಂದೂ ಓದಬಹುದಿತ್ತು. ವೆಬ್ ಪುಟಗಳಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕೆಂಬ ಮಾನದಂಡವಿದೆ. ನನ್ನ ಬೂದು 3ಕ್ಕೂ ಕಡಿಮೆ. ಮನೆಗೆ ಬಂದು 70 ಪ್ರತಿಶತ ಮಾಡಿದೆ, 8ರ ಮೇಲೆ ಹೋಯಿತು, ಅಂಕಿ ಗಟ್ಟಿಯಾಯಿತು. ಕೆಲಸದ ವರ್ಷ ಸಿವಿಯಲ್ಲಿ ಮೊದಲು ಹುಡುಕುವ ಸಂಗತಿ, ಅದನ್ನೇ ಮಸುಕು ಮಾಡಿದ್ದು ಹದಿನಾಲ್ಕು ವರ್ಷ ಪುಟ ಕಟ್ಟಿದ ಕೈ ಮಾಡಬಾರದಿದ್ದ ತಪ್ಪು.

ಕಾಕುವಿಗೆ ಮತ್ತೆ ಎಂಟು ಹತ್ತು ಸೆಕೆಂಡ್ ತೋರಿಸಿದೆ. "ಮಶೀನ್ ಸೆಟಿಂಗ್," ಎಂದರು, "ಆಣಿ ಪಂಚಾವನ್ನ ಮಿನಿಟ್." 55 ನೆನಪಿನಲ್ಲಿ ಉಳಿದಿತ್ತು!

ಕೈಯಲ್ಲಿ ಕೊಡಲು ಆರು ಪ್ರತಿ 100 ಜಿಎಸ್ಎಂ (ಚದರ ಮೀಟರಿಗೆ 100 ಗ್ರಾಂ) ಕಾಗದದಲ್ಲಿ ತೆಗೆಸಿದೆವು. ಎ4 ಒಂದು ಚದರ ಮೀಟರಿನ ಹದಿನಾರನೇ ಒಂದು ಪಾಲು, ಹಾಗಾಗಿ ಹಾಳೆ 6 ಗ್ರಾಂ ಚಿಲ್ಲರೆ ತೂಗುತ್ತದೆ. ಮಾಮೂಲಿ ಝೆರಾಕ್ಸ್ ಹಾಳೆಗಿಂತ ಒಂದೂವರೆ ಗ್ರಾಂ ಹೆಚ್ಚು, ಹಿಂದಿನದು ಕಾಣುವುದಿಲ್ಲ, ಮಡಿಕೆ ಬೀಳುವುದಿಲ್ಲ.

ಆಮೇಲೆ

ಮೂರು ವಾರದಲ್ಲಿ ಎರಡು ಕಡೆಯಿಂದ ಫೋನ್ ಬಂತು. ಒಂದು ಕಡೆ ಪಾಳಿ ಹೊಂದಲಿಲ್ಲ. ಇನ್ನೊಂದು ಚಾಕಣ್‌ನಲ್ಲಿ. ಸಂದರ್ಶನ ಮುಗಿಸಿ ರಾತ್ರಿ ನೇರ ನಮ್ಮ ಮನೆಗೇ ಬಂದ. ಎದುರು ಕೂತ ಹಿರಿಯರು ಸಾಫ್ಟ್ ಜಾ ಸಾಲಿಗೆ ಪೆನ್ನಿನಲ್ಲಿ ಗೆರೆ ಎಳೆದು, ಡವೆಲ್ ಎಲ್ಲಿ ಹಾಕಿದೆ, ಬರೆದು ತೋರಿಸು ಎಂದರಂತೆ. ಬೇರೆ ಕಾಗದ ಇರಲಿಲ್ಲ. ಸಿವಿಯ ಎಡಗಡೆ ವರ್ಷಗಳ ಕೆಳಗೆ ಖಾಲಿ ಬಿಟ್ಟ ಆ 35 ಮಿಮೀ ಜಾಗದಲ್ಲೇ ಹುಡುಗ ವೈಸು, ಜಾ, ಪಿನ್ನು ಎಲ್ಲ ಬರೆದು ತೋರಿಸಿದ. ಅರ್ಧ ಗಂಟೆ ಅದರ ಮೇಲೇ ಮಾತು ನಡೆಯಿತಂತೆ. ಆ ಪ್ರತಿಯನ್ನು ಅವರೇ ಇಟ್ಟುಕೊಂಡಿದ್ದಾರೆ. ಮುಂದಿನ ವಾರ ಮಷಿನ್ ಮೇಲೆ ಟ್ರಯಲ್.

ಅವತ್ತು ರಾತ್ರಿಯೇ ಕಡತ ತೆರೆದು ನಾಲ್ಕನೇ ತಿದ್ದುಪಡಿ ಮಾಡಿದೆವು. ಸಾಫ್ಟ್ ಜಾ ಸಾಲು ಕೆಲಸದ ಪಟ್ಟಿಯಲ್ಲಿ ಮೂರನೆಯದಾಗಿತ್ತು, ಮೊದಲಿಗೆ ತಂದೆವು. ಎಡಗಡೆಯ ಖಾಲಿ ಜಾಗದಲ್ಲಿ ಏನಾದರೂ ತುಂಬೋಣವೇ ಎಂದು ಹುಡುಗ ಕೇಳಿದ. ಅದನ್ನು ಹಾಗೇ ಬಿಟ್ಟೆವು. ಹೊಸ ಡೈರಿ ಒಂದು ನಾನೇ ತೆಗೆದುಕೊಟ್ಟೆ, ರಟ್ಟಿಗೆ ಪ್ಲಾಸ್ಟಿಕ್ ಹೊದಿಸಿ.